ಕೇಳಿ ಹೊರಡಿ: ಅಮಾಲ್ಫಿಯನ್ನು ನೀರಿನ ಮೇಲಿಂದ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಟಲಿಯ ಕರಾವಳಿಯ ಬಗ್ಗೆಯೇ. ಯಾರೋ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಿಟ್ಟಿರಬೇಕು. ಕುಂಬಳೆಯಿಂದ ಮುಳ್ಳೇರಿಯದ ತನಕ ಎಲ್ಲರಿಗೂ ಒಮ್ಮೆಗೇ ಅಮಾಲ್ಫಿ ಕರಾವಳಿಯ ಪೊಸಿತಾನೋ ಊರು ಬೇಕಾಗಿದೆ. ಇರಲಿ. ಹೊಸ ಓದುಗರಿಗೆ ಒಂದು ಮಾತು: ನಾನು ಸರಕು ಹಡಗುಗಳಲ್ಲಿ ಅಡುಗೆಯವನಾಗಿ ದುಡಿದು ನಿವೃತ್ತನಾದವನು. ಸಲೆರ್ನೋ, ನೇಪಲ್ಸ್, ಲಾ ಸ್ಪೆತ್ಸಿಯಾ ನನಗೆ ಪ್ರವಾಸದ ಊರುಗಳಲ್ಲ. ಹಡಗನ್ನು ದಕ್ಕೆಗೆ ಕಟ್ಟಿದಾಗ ಹಸಿಮೆಣಸು ಹುಡುಕಿಕೊಂಡು ಅಲೆದ ಊರುಗಳು. ಹಾಗಾಗಿ ನನ್ನ ಉತ್ತರಗಳು ಸ್ವಲ್ಪ ಕಡಲಿನ ಕಡೆಗೇ ವಾಲಿರುತ್ತವೆ.

ಪ್ರಶ್ನೆ: ಮದುವೆಯಾಗಿ ಇಪ್ಪತ್ತೈದು ವರ್ಷ ಆಯಿತು. ಖರ್ಚು ನನ್ನದು, ಹೋಗಿ ಬನ್ನಿ ಅನ್ನುತ್ತಾನೆ ಬೆಂಗಳೂರಿನಲ್ಲಿರುವ ಮಗ. ನಾನು, ಮನೆಯವಳು, ಎಪ್ಪತ್ತೆರಡರ ಅಮ್ಮ. ಹತ್ತು ದಿನ. ರೋಮ್, ಫ್ಲಾರೆನ್ಸ್, ವೆನಿಸ್, ಚಿಂಕ್ವೆ ತೆರ್ರೆ, ಅಮಾಲ್ಫಿ ಪಟ್ಟಿಯಲ್ಲಿವೆ. ಕಾರು ಬಾಡಿಗೆಗೆ ತೆಗೆದುಕೊಂಡು ನಾನೇ ಓಡಿಸುವ ಯೋಚನೆ. ಅಮ್ಮನಿಗೆ ಗಂಟುನೋವು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ತೋಟ ಬಿಟ್ಟು ಯಾವ ತಿಂಗಳಲ್ಲಿ ಹೋಗಬಹುದು?
(ಅಡಿಕೆ ಕೃಷಿಕ, ಪೆರ್ಲ)

ಉತ್ತರ: ಮೊದಲು ಆ ಪಟ್ಟಿಯನ್ನು ಹರಿದು ಹಾಕಿ ಮಾರಾಯ್ರೇ. ಹತ್ತು ದಿನದಲ್ಲಿ ಐದು ಊರು ಅಂದರೆ ಅಮ್ಮ ನೋಡುವುದು ಐದು ರೈಲ್ವೆ ಸ್ಟೇಷನ್ನು, ಅಷ್ಟೇ. ವೆನಿಸ್, ಫ್ಲಾರೆನ್ಸ್ ಬಿಡಿ. ಚಿಂಕ್ವೆ ತೆರ್ರೆ ಮತ್ತು ಅಮಾಲ್ಫಿಯಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಚಿಂಕ್ವೆ ತೆರ್ರೆ ಅಂದರೆ ಐದು ಊರುಗಳ ಕರಾವಳಿ, ಇಟಲಿಯ ವಾಯವ್ಯದಲ್ಲಿದೆ. ಅಮಾಲ್ಫಿ ಕರಾವಳಿ ನೇಪಲ್ಸಿನ ತೆಂಕಕ್ಕೆ. ಅಮ್ಮ ಜೊತೆಗಿರುವಾಗ ಅಮಾಲ್ಫಿಯೇ ಸರಿ. ರೋಮಿನಲ್ಲಿ ಮೂರು ರಾತ್ರಿ, ಉಳಿದದ್ದೆಲ್ಲ ಅಮಾಲ್ಫಿ ಕರಾವಳಿಯ ಪಕ್ಕದ ಸಲೆರ್ನೋದಲ್ಲಿ.

ಪೊಸಿತಾನೋದಲ್ಲಿ ಉಳಿಯುವುದಿಲ್ಲವೇ ಅಂತ ಮಗ ಕೇಳುತ್ತಾನೆ. ಕೇಳಲಿ. ಪೊಸಿತಾನೋ ಅಂದರೆ ಗುಡ್ಡಕ್ಕೆ ಅಂಟಿಸಿದ ಮೆಟ್ಟಿಲುಗಳು. ಹೋಟೆಲಿನಿಂದ ಕಡಲಿಗೆ ಇಳಿಯುವುದು ಸುಲಭ, ವಾಪಸು ಹತ್ತುವಾಗ ಗಂಟು ಹೇಳುತ್ತದೆ. ಬಾಡಿಗೆಯೂ ಜಾಸ್ತಿ. ಸಲೆರ್ನೋ ಸಾದಾ ಬಂದರು ಪಟ್ಟಣ. ರೋಮಿನಿಂದ ವೇಗದ ರೈಲು ನೇರವಾಗಿ ಬರುತ್ತದೆ, ಹೆಚ್ಚುಕಡಿಮೆ ಎರಡು ಗಂಟೆ. ಸ್ಟೇಷನ್ನಿನಿಂದ ದೋಣಿಕಟ್ಟೆಗೆ ನಡೆದೇ ಹೋಗಬಹುದು, ಸಮತಟ್ಟು ದಾರಿ. ಕಡಲ ಬದಿಗೆ ಉದ್ದಕ್ಕೆ ಮರಗಳ ನೆರಳಿನ ಹಾದಿ ಇದೆ. ಸಂಜೆ ಇಡೀ ಊರು ಅಲ್ಲಿ ಅಡ್ಡಾಡುತ್ತದೆ. ಅಡುಗೆಮನೆ ಇರುವ ಸಣ್ಣ ಫ್ಲ್ಯಾಟು ಹಿಡಿಯಿರಿ. ಲಿಫ್ಟ್ ಇದೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿ. ಹಳೆಯ ಕಟ್ಟಡಗಳಲ್ಲಿ ಇರುವುದಿಲ್ಲ.

ಈಗ ಕಾರು. ಬೇಡ. ಸಲೆರ್ನೋದ ಪಕ್ಕದ ವಿಯೆತ್ರಿಯಿಂದ ಪೊಸಿತಾನೋದ ತನಕ ಹೋಗುವ ರಸ್ತೆ ಬಂಡೆಯ ಎದೆ ಕೊರೆದು ಮಾಡಿದ್ದು. 19ನೇ ಶತಮಾನದಲ್ಲಿ ಆ ರಸ್ತೆ ಆಗುವ ತನಕ ಅಲ್ಲಿನವರು ದೋಣಿಯಲ್ಲೋ ಹೇಸರಗತ್ತೆಯ ಮೇಲೋ ಓಡಾಡಿದವರು. ಮನೆಗಳ ಮುಖ ಕಡಲಿಗಿದೆ, ಬೆನ್ನು ರಸ್ತೆಗಿದೆ. ಚಾರ್ಮಾಡಿ ಘಾಟಿಯ ತಿರುವುಗಳನ್ನು ತಂದು ಕಡಲಿನ ಮೇಲೆ ನೇತುಹಾಕಿ, ಎದುರಿನಿಂದ ಟೂರಿಸ್ಟ್ ಬಸ್ಸುಗಳನ್ನು ಬಿಟ್ಟರೆ ಹೇಗಿರುತ್ತದೆ, ಹಾಗೆ. ಜನ ಜಾಸ್ತಿ ಇರುವ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 6ರ ತನಕ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಕಾರು ಬಿಡುವ ನಿಯಮವೂ ಇದೆ. ಊರೊಳಗೆ ನಿರ್ಬಂಧಿತ ವಲಯಕ್ಕೆ ಚಕ್ರ ಇಟ್ಟರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಕಾಗದ ಕೆಲವು ತಿಂಗಳು ಕಳೆದು ನೀವು ಮನೆಯಲ್ಲಿ ಅಡಿಕೆ ಸುಲಿಯುತ್ತಿರುವಾಗ ಬರುತ್ತದೆ. ಅಷ್ಟಕ್ಕೂ ಓಡಿಸುವವನು ರಸ್ತೆ ಬಿಟ್ಟು ಬೇರೇನೂ ನೋಡುವ ಹಾಗಿಲ್ಲ. ಬೆಳ್ಳಿಹಬ್ಬದ ಪ್ರವಾಸದಲ್ಲಿ ಡ್ರೈವರ್ ಕೆಲಸ ಯಾಕೆ?

ದೋಣಿ ಹಿಡಿಯಿರಿ. ಏಪ್ರಿಲ್‌ನಿಂದ ಅಕ್ಟೋಬರಿನ ತನಕ ಸಲೆರ್ನೋದಿಂದ ಅಮಾಲ್ಫಿಗೂ ಪೊಸಿತಾನೋಗೂ ಪ್ರಯಾಣಿಕರ ದೋಣಿಗಳಿವೆ. ಅಮಾಲ್ಫಿಗೆ ಸುಮಾರು 35 ನಿಮಿಷ. ಹೊರಟ ಕೂಡಲೇ ಬಲಗಡೆಗೆ ವಿಯೆತ್ರಿಯ ಚರ್ಚಿನ ಗೋಪುರ ಕಾಣುತ್ತದೆ, ಬಣ್ಣದ ಹಂಚು ಹೊದೆಸಿದ್ದು. ಆಮೇಲೆ ಚೆತಾರಾ, ಮಯೋರಿ, ಮಿನೋರಿ, ಅತ್ರಾನಿ. ಪ್ರತಿಯೊಂದು ಊರೂ ಒಂದು ಕಣಿವೆಯ ಬಾಯಿ. ಮೇಲೆ ಸುಮಾರು 350 ಮೀಟರ್ ಎತ್ತರದಲ್ಲಿ ರವೆಲ್ಲೋ. ಇದೆಲ್ಲ ಒಂದರ ಪಕ್ಕ ಒಂದು ಕಾಣಬೇಕಾದರೆ ನೀರಿನ ಮೇಲೇ ಇರಬೇಕು. ರಸ್ತೆಯಲ್ಲಿ ಹೋದವನಿಗೆ ಮುಂದಿನ ತಿರುವು ಕಾಣುತ್ತದೆ, ಊರು ಕಾಣುವುದಿಲ್ಲ. ಗಾಳಿ ಎದ್ದ ದಿನ ದೋಣಿ ನಿಲ್ಲಿಸುತ್ತಾರೆ. ಆಗ ಬಸ್ಸೇ ಗತಿ. ಬಸ್ ಟಿಕೆಟನ್ನು ಮೊದಲೇ ತಂಬಾಕಿನ ಅಂಗಡಿಯಲ್ಲಿ ತೆಗೆದುಕೊಳ್ಳಬೇಕು. ಸಲೆರ್ನೋದಿಂದ ಹೋಗುವಾಗ ಎಡಬದಿಗೆ ಕುಳಿತರೆ ಕಡಲು. ಅಮ್ಮನಿಗೆ ವಾಂತಿ ಬರುವುದಾದರೆ ಬಲಬದಿಗೆ, ಮುಂದಿನ ಸೀಟು.

ಅಮಾಲ್ಫಿಯಲ್ಲಿ ದೋಣಿ ಇಳಿದರೆ ಚೌಕ ಎದುರಿಗೇ ಇದೆ. ದೊಡ್ಡ ಚರ್ಚಿಗೆ 62 ಮೆಟ್ಟಿಲು. ಅಮ್ಮ ಕೆಳಗೆ ಕುಳಿತು ಜನ ನೋಡಲಿ, ಅದೂ ಒಂದು ನೋಟವೇ. ಇಷ್ಟು ಸಣ್ಣ ಊರು ಒಂದು ಕಾಲಕ್ಕೆ ಜಿನೋವಾ, ಪೀಸಾಗಳಿಗೆ ಸಮನಾದ ಕಡಲ ವ್ಯಾಪಾರಿ ರಾಜ್ಯ ಆಗಿತ್ತು. 1135 ಮತ್ತು 1137ರಲ್ಲಿ ಪೀಸಾದವರೇ ಬಂದು ಕೊಳ್ಳೆ ಹೊಡೆದರು. 1343ರಲ್ಲಿ ಕಡಲೇ ಉಕ್ಕಿ ಬಂದು ಕೆಳಗಿನ ಊರನ್ನು ನುಂಗಿತು. ಹಡಗು ತಯಾರಿಸುತ್ತಿದ್ದ ಹಳೆಯ ಕಮಾನಿನ ಕಟ್ಟಡ ಸ್ವಲ್ಪ ಉಳಿದಿದೆ, ನೋಡಿ. ಕಣಿವೆಯ ಒಳಗೆ ಹೋದರೆ ಕೈಕಾಗದ ಮಾಡುತ್ತಿದ್ದ ಹಳೆಯ ಗಿರಣಿಯ ಮ್ಯೂಸಿಯಂ ಇದೆ. ನೀರಿನ ಚಕ್ರ, ಬಟ್ಟೆ ಚಿಂದಿ ಕುಟ್ಟುವ ಒನಕೆಗಳು. ನನಗೆ ಚರ್ಚಿಗಿಂತ ಅದೇ ಇಷ್ಟ.

ಪೊಸಿತಾನೋಗೆ ಅರ್ಧ ದಿನ ಸಾಕು. ದೋಣಿ ಹತ್ತಿರ ಹೋಗುವಾಗ ಕಾಣುವುದೇ ಅದರ ಪೂರ್ತಿ ಚಂದ.

ನಿಮಗೆ, ಕೃಷಿಕರಿಗೆ, ನಾನು ಹೇಳುವುದು ಮಿನೋರಿ ಮತ್ತು ಮಯೋರಿ. ಎರಡೂ ಸಮತಟ್ಟು ಊರುಗಳು, ಮಯೋರಿಯಲ್ಲಿ ಆ ಕರಾವಳಿಗೇ ಉದ್ದದ ಮರಳತೀರ. ಎರಡರ ನಡುವೆ ಗುಡ್ಡದ ಮೇಲೆ ನಿಂಬೆ ತೋಟಗಳೊಳಗೆ ಒಂದು ಕಾಲುದಾರಿ ಇದೆ, ನಿಂಬೆ ಹಾದಿ ಅಂತಲೇ ಹೆಸರು. ಮೆಟ್ಟಿಲಿದೆ. ಅಮ್ಮನನ್ನು ಮಿನೋರಿಯಲ್ಲಿ ಕೂರಿಸಿ ನೀವಿಬ್ಬರು ಹೋಗಿ ಬನ್ನಿ. ಸಿಮೆಂಟಿಲ್ಲದ ಕಲ್ಲಿನ ಕಟ್ಟೆ, ಅದರ ಮೇಲೆ ಅಗಲ ಕಿರಿದಾದ ತಟ್ಟು, ಅದರಲ್ಲಿ ನಿಂಬೆ. ಚೆಸ್ಟ್‌ನಟ್ ಮರದ ಕಂಬ ನೆಟ್ಟು ಚಪ್ಪರ ಕಟ್ಟಿ ಗೆಲ್ಲುಗಳನ್ನು ಅದಕ್ಕೆ ಹಬ್ಬಿಸುತ್ತಾರೆ. ಚಳಿಗಾಲದಲ್ಲಿ ಮೇಲೆ ಬಲೆ ಹೊದೆಸುತ್ತಾರೆ. ಹಣ್ಣು ಉದ್ದಕ್ಕೆ, ತುದಿ ಚೂಪು. ಯಂತ್ರ ಹೋಗದ ಜಾಗ. ಕೊಯ್ದದ್ದನ್ನು ಹೆಗಲ ಮೇಲೆ ಹೊತ್ತೇ ಇಳಿಸಬೇಕು. ಆಳು ಸಿಗುವುದಿಲ್ಲ, ಮಕ್ಕಳು ಪಟ್ಟಣಕ್ಕೆ ಹೋದರು, ತಟ್ಟು ಪಾಳು ಬೀಳುತ್ತಿದೆ ಅನ್ನುವ ಮಾತನ್ನು ನೀವು ಅಲ್ಲಿ ಇಟಾಲಿಯನ್‌ನಲ್ಲಿ ಕೇಳುತ್ತೀರಿ. ಪೆರ್ಲದಲ್ಲಿ ಕೇಳಿದ್ದೇ, ಅಲ್ವಾ? ಪಾಳುಬಿದ್ದ ಕಟ್ಟೆ ಮಳೆಗೆ ಜಾರಿ ರಸ್ತೆಗೆ ಬೀಳುವುದೂ ಅಲ್ಲಿನ ದೊಡ್ಡ ತಲೆನೋವು.

ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ಮಯೋರಿಯ ಮೇಲಿನ ಕಣಿವೆ ತ್ರಮೊಂತಿ ಕಡೆ ದ್ರಾಕ್ಷಿ ಎಲೆಗಳ ಮೇಲೆ ತಿಳಿನೀಲಿ ಕಲೆ ಕಂಡರೆ ಆಶ್ಚರ್ಯಪಡಬೇಡಿ. ಅದು ನಮ್ಮ ಮೈಲುತುತ್ತು (ತಾಮ್ರದ ಉಪ್ಪು), ಸುಣ್ಣ. ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ಮದ್ದು ಹುಟ್ಟಿದ್ದೇ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ. ಈಗ ಯುರೋಪಿನ ಒಕ್ಕೂಟದಲ್ಲಿ ಅದಕ್ಕೆ ಲೆಕ್ಕ ಇದೆ: ಏಳು ವರ್ಷಕ್ಕೆ ಒಂದು ಹೆಕ್ಟೇರಿಗೆ 28 ಕಿಲೋಗಿಂತ ಹೆಚ್ಚು ತಾಮ್ರ ಮಣ್ಣಿಗೆ ಹೋಗಬಾರದು. ನಮ್ಮ ಮಳೆಗೆ ಅಂಥ ಲೆಕ್ಕ ಹಿಡಿಸುವುದು ಕಷ್ಟವೇ.

ಯಾವಾಗ ಹೋಗುವುದು? ಅಲ್ಲಿನ ಮಳೆ ನಮ್ಮದರ ಉಲ್ಟಾ. ಬೇಸಿಗೆ ಒಣಗಿರುತ್ತದೆ, ಚಳಿಗಾಲದಲ್ಲಿ ಮಳೆ. ಜುಲೈ, ಆಗಸ್ಟ್ ಬೇಡ. ಬಿಸಿಲು ಹೊಡೆಯುತ್ತದೆ, ಆಗಸ್ಟ್ 15ರ ಹಬ್ಬದ ಆಚೀಚೆ ಇಡೀ ಇಟಲಿ ಕಡಲಿಗೆ ಇಳಿಯುತ್ತದೆ. ವಿಷು ಕಳೆದು ಮೇ ತಿಂಗಳು ಅಲ್ಲಿ ಬಹಳ ಚಂದ. ಆದರೆ ಆಗ ನಿಮ್ಮ ತೋಟಕ್ಕೆ ನೀರು ಬಿಡುವುದು ಯಾರು? ಮೇ ಕೊನೆಗೆ ಮದ್ದಿನ ಕೆಲಸವೂ ತಲೆ ಮೇಲೆ. ಸೆಪ್ಟೆಂಬರಿನ ಎರಡನೇ ಅರ್ಧ ನಿಮಗೆ ಹೇಳಿ ಮಾಡಿಸಿದ್ದು. ಇಲ್ಲಿ ಮದ್ದಿನ ಕೆಲಸ ಮುಗಿದಿರುತ್ತದೆ, ನೀರಿನ ಚಿಂತೆ ಇಲ್ಲ, ಕೊಯ್ಲು ಸರಿಯಾಗಿ ಶುರುವಾಗಿರುವುದಿಲ್ಲ. ಅಲ್ಲಿ ಜನ ಕಡಿಮೆ, ಕಡಲು ಬೆಚ್ಚಗೆ. ಅಕ್ಟೋಬರ್ ನಡುವಿಗೆ ಹೋದರೆ ಮಳೆ ಸಿಗಬಹುದು.

ಊಟ. ಇದನ್ನು ನಾನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನನ್ನ ಕಸುಬು. ಪಿತ್ಸಾ ಅಂಗಡಿಯಲ್ಲಿ ಮರಿನಾರಾ ಕೇಳಿ. ಹೆಸರು ಕೇಳಿದರೆ ಮೀನು ಅನ್ನಿಸುತ್ತದೆ, ಆದರೆ ಅದರಲ್ಲಿ ಟೊಮೆಟೋ, ಬೆಳ್ಳುಳ್ಳಿ, ಒರಿಗಾನೋ, ಎಣ್ಣೆ ಮಾತ್ರ. ಚೀಸ್ ಕೂಡ ಇಲ್ಲ. ಚೀಸಿನ ವಿಷಯ ನೀವು ತಿಳಿದೇ ತೀರ್ಮಾನಿಸಬೇಕು. ಪಾರ್ಮೆಸಾನ್ ಮತ್ತು ಅಲ್ಲಿನ ಹೆಸರಾದ ಎಮ್ಮೆಹಾಲಿನ ಮೊತ್ಸರೆಲ್ಲಾ, ಎರಡಕ್ಕೂ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅಲ್ಲಿನವರು ಅದನ್ನು ಮಾಂಸ ಅಂತ ಎಣಿಸುವುದಿಲ್ಲ. ಕೇಳಿದರೆ ಸಸ್ಯಾಹಾರ ಅಂತಲೇ ಹೇಳುತ್ತಾರೆ. ಸ್ಫೊಲ್ಯಾತೆಲ್ಲಾ ಅಂತ ಪದರಪದರದ ಒಂದು ತಿಂಡಿ ಎಲ್ಲ ಕಡೆ ಕಾಣುತ್ತದೆ. ಅದರ ಪದರಕ್ಕೆ ಹಂದಿಕೊಬ್ಬು ಸವರುವುದು ಹಳೆಯ ಕ್ರಮ. ಬಿಡಿ. ಚೆತಾರಾದಲ್ಲಿ ಉಪ್ಪುಹಾಕಿದ ಸಣ್ಣ ಮೀನಿನಿಂದ ಇಳಿಸಿದ ರಸವನ್ನು ಪಾಸ್ತಾಗೆ ಹಾಕುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಮಾಂಸ ಬೇಡ ಅಂದರೆ ಸಾಲದು, ಮೀನು ಬೇಡ ಅಂತಲೂ ಬೇರೆಯಾಗಿ ಹೇಳಬೇಕು: "ಸೆಂತ್ಸ ಕಾರ್ನೆ, ಸೆಂತ್ಸ ಪೇಶೆ". ಟೊಮೆಟೋ ಪಾಸ್ತಾ, ಸುಟ್ಟ ಬದನೆ, ಕಡಲೆಯ ಸಾರು, ಹಸಿ ತರಕಾರಿ, ನಿಂಬೆಯ ಗ್ರಾನಿತಾ (ಮಂಜಿನ ಪುಡಿಯಂಥ ಸಿಹಿ) ಸಿಗುತ್ತವೆ. ಉಪವಾಸ ಬೀಳುವುದಿಲ್ಲ.

ರಾತ್ರಿಗೆ ಫ್ಲ್ಯಾಟಿನಲ್ಲಿ ಗಂಜಿ ಬೇಯಿಸಿಕೊಳ್ಳಿ. ಕುಚ್ಚಲಕ್ಕಿ, ಮಾವಿನಮಿಡಿ ಉಪ್ಪಿನಕಾಯಿ, ಸಾರಿನ ಪುಡಿ ಕೊಂಡುಹೋಗಬಹುದು. ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿ ಬಿಡುವುದಿಲ್ಲ. ತುಪ್ಪ, ಹಾಲಿನ ಸಿಹಿ, ಹಾಲಿನ ಪುಡಿ ಬೇಡ. ಹೊರದೇಶದ ಹಾಲು, ಮಾಂಸದ ವಸ್ತುಗಳನ್ನು ಯುರೋಪಿನ ಒಕ್ಕೂಟ ಒಳಗೆ ಬಿಡುವುದಿಲ್ಲ. ಮಾವಿನಹಣ್ಣು, ಕರಿಬೇವು ಕೂಡ ಪ್ರಮಾಣಪತ್ರ ಇಲ್ಲದೆ ಹೋಗುವುದಿಲ್ಲ. ಹಾಗೆ ಪತ್ರ ಇಲ್ಲದೆ ಬಿಡುವುದು ಐದೇ ಹಣ್ಣು: ಅನಾನಸು, ಬಾಳೆ, ಖರ್ಜೂರ, ಡುರಿಯನ್ ಮತ್ತು ನಮ್ಮ ತೆಂಗಿನಕಾಯಿ. ಅಮ್ಮ ಒಂದು ಕಾಯಿ ಇಟ್ಟುಕೊಳ್ಳುತ್ತೇನೆ ಅಂದರೆ ತಡೆಯಬೇಡಿ.

ಅಮ್ಮನಿಗೆ ಕೊನೆಯದಾಗಿ ಒಂದು ದಿನ ಪೇಸ್ತುಂ ಇಡಿ. ಸಲೆರ್ನೋದಿಂದ ತೆಂಕಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಎರಡೂವರೆ ಸಾವಿರ ವರ್ಷ ಹಿಂದಿನ ಮೂರು ಗ್ರೀಕ್ ದೇವಸ್ಥಾನಗಳು, ಬಯಲಿನಲ್ಲಿ ಹಾಗೇ ನಿಂತಿವೆ. ನೆಲ ಸಮತಟ್ಟು. ಪಾಂಪೆ ಇದಕ್ಕಿಂತ ಹೆಸರಾದದ್ದು ನಿಜ. ಆದರೆ ಅಲ್ಲಿನ ಬೀದಿಕಲ್ಲುಗಳು ಗಂಟುನೋವಿನವರಿಗೆ ಶಿಕ್ಷೆ. ಹೋಗಲೇಬೇಕಾದರೆ ಗಾಲಿಕುರ್ಚಿಗೂ ಆಗುವ ಹಾಗೆ ಸಪಾಟು ಮಾಡಿದ ಒಂದು ಹಾದಿ ಇದೆ, ಆಂಫಿಥಿಯೇಟರ್ ಬಾಗಿಲಿನಿಂದ ಶುರು. ಅದನ್ನೇ ಹಿಡಿಯಿರಿ.

ಪ್ರಶ್ನೆ: ನಾವು ನಾಲ್ಕು ಜನ ನಿವೃತ್ತ ಟೀಚರುಗಳು. ವೀಸಾಕ್ಕೆ ಮೊದಲೇ ವಿಮಾನದ ಟಿಕೆಟ್ ಕೊಳ್ಳಲೇಬೇಕು ಅಂತ ಏಜೆಂಟರೊಬ್ಬರು ಹೇಳುತ್ತಾರೆ. ಒಬ್ಬಳ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ತರ ಇದೆ. ಏನು ಮಾಡುವುದು?
(ಮಂಜೇಶ್ವರ)

ಉತ್ತರ: ಟೀಚರೇ, ಆ ಏಜೆಂಟರಿಗೆ ಅವಸರ ಜಾಸ್ತಿ. ಷೆಂಗೆನ್ ವೀಸಾಕ್ಕೆ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ತೋರಿಸಬೇಕಾದದ್ದು ಟಿಕೆಟಿನ ಬುಕಿಂಗ್. ದುಡ್ಡು ವಾಪಸು ಬಾರದ ಟಿಕೆಟನ್ನು ವೀಸಾ ಕೈಗೆ ಬರುವ ಮೊದಲು ಕೊಳ್ಳಬೇಡಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡಿಮೆ ಅಂದರೆ 15 ದಿನ ಮೊದಲು ಹಾಕಿರಬೇಕು. ನಿಮಗೆ ನನ್ನ ಲೆಕ್ಕ ಮೂರು ತಿಂಗಳು. ಬೇಸಿಗೆಯಲ್ಲಿ ಅರ್ಜಿ ಕೇಂದ್ರಗಳಲ್ಲಿ ದಿನಾಂಕವೇ ಸಿಗುವುದಿಲ್ಲ. ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಅದರ ಮೇಲೆ ಕೇಂದ್ರದ ಸೇವಾಶುಲ್ಕ. ಪ್ರವಾಸದ ವಿಮೆ 30,000 ಯೂರೋಗೆ ಕಡಿಮೆ ಇರಬಾರದು. ವಾಪಸು ಬರುವ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಪಾಸ್‌ಪೋರ್ಟಿಗೆ ಅವಧಿ ಇರಲಿ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ವಿಮೆಯಲ್ಲಿ ಮುಚ್ಚಿಡಬೇಡಿ.

ಹೆಸರಿನ ರಗಳೆ ನಮ್ಮ ಗಡಿನಾಡಿನವರ ಹಣೆಬರಹ. ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಬರೆದು, ಅದನ್ನು ಇನ್ನೊಬ್ಬರು ಇಂಗ್ಲಿಷಿಗೆ ಇಳಿಸುವಾಗ ಒಂದು ಅಕ್ಷರ ಬದಲಾಗಿಯೇ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಟಿಕೆಟ್, ವಿಮೆ, ಹೋಟೆಲ್ ಎಲ್ಲದರಲ್ಲೂ ಇರಲಿ. ಬ್ಯಾಂಕಿನ ಖಾತೆಯಲ್ಲಿ ಬೇರೆ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಪಿಂಚಣಿ ಕಾಗದ, ವಿಲೇಜ್ ಆಫೀಸಿನ ಭೂತೆರಿಗೆ ರಶೀದಿ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಪೆರ್ಲದವರೂ ಇದನ್ನು ಓದಿಕೊಳ್ಳಿ. ಕೃಷಿ ಆದಾಯಕ್ಕೆ ತೆರಿಗೆ ರಿಟರ್ನ್ ಇಲ್ಲದವರು ಅಡಿಕೆ ಮಾರಿದ ಬಿಲ್ಲು, ಬ್ಯಾಂಕಿನ ಸ್ಟೇಟ್‌ಮೆಂಟು, ತೋಟದ ದಾಖಲೆ ಕೊಡಿ. ಮಗ ಖರ್ಚು ಕೊಡುವುದಾದರೆ ಅವನ ಪತ್ರ, ಸಂಬಳದ ಚೀಟಿ ಕೂಡ.

ಪ್ರಶ್ನೆ: ಹೊಸತಾಗಿ ಮದುವೆಯಾದವರು. ಇಬ್ಬರಿಗೂ ನಡೆಯುವುದು ಇಷ್ಟ. ಅಮಾಲ್ಫಿಯೋ, ಚಿಂಕ್ವೆ ತೆರ್ರೆಯೋ?
(ಬೋವಿಕ್ಕಾನ)

ಉತ್ತರ: ನಿಮಗೆ ಚಿಂಕ್ವೆ ತೆರ್ರೆ. ಲಾ ಸ್ಪೆತ್ಸಿಯಾದಲ್ಲಿ ಉಳಿಯಿರಿ, ಅದೂ ನಮ್ಮಂಥ ಹಡಗಿನವರ ಊರು, ಬಾಡಿಗೆ ಹಗುರ. ಅಲ್ಲಿಂದ ರೈಲು ಸುರಂಗ ನುಗ್ಗಿ ನುಗ್ಗಿ ಐದು ಊರುಗಳಿಗೂ ಹೋಗುತ್ತದೆ. ಊರಿಂದ ಊರಿಗೆ ಕೆಲವೇ ನಿಮಿಷ. ಅವುಗಳಲ್ಲಿ ಮೊಂತೆರೊಸ್ಸೋದಿಂದ ವೆರ್ನಾತ್ಸಾಗೆ ನಡೆದು ಹೋಗುವ ಹಾದಿಯೇ ಒಳ್ಳೆಯದು. ಬೆಳಿಗ್ಗೆ ಬೇಗ ಹೊರಡಿ, ಒಂಬತ್ತರ ನಂತರ ಸಾಲಿನಲ್ಲಿ ನಡೆಯಬೇಕಾಗುತ್ತದೆ. ಹಾದಿಗೂ ರೈಲಿಗೂ ಒಂದೇ ಕಾರ್ಡ್ ಸಿಗುತ್ತದೆ. ಹವಾಯಿ ಚಪ್ಪಲಿ ಹಾಕಿ ಹತ್ತಿದರೆ ದಂಡ ಇದೆ, ತಮಾಷೆಯಲ್ಲ. 2012ರಲ್ಲಿ ಕಲ್ಲು ಬಿದ್ದು ಮುಚ್ಚಿದ್ದ ಪ್ರೇಮಿಗಳ ಹಾದಿ 2024ರಲ್ಲಿ ಮತ್ತೆ ತೆರೆಯಿತು. ಹೊಸ ಜೋಡಿಗಳು ಫೋಟೋ ತೆಗೆಯದೆ ಇರುವುದಿಲ್ಲ, ಹೋಗಿ ಬನ್ನಿ. ಹಸಿವಾದರೆ ಫರಿನಾತಾ ತಿನ್ನಿ: ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಒಲೆಯಲ್ಲಿ ಸುಟ್ಟದ್ದು.

ಪ್ರಶ್ನೆ: ಅಣ್ಣ ದುಬೈಯಲ್ಲಿದ್ದಾನೆ. ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ಅಲ್ಲಿಂದ ರೋಮಿಗೆ ಬೇರೆ ಟಿಕೆಟ್ ತೆಗೆದರೆ ಅಗ್ಗ ಆಗುತ್ತದಲ್ಲ?
(ಉಪ್ಪಳ)

ಉತ್ತರ: ಅಗ್ಗ ಆಗಬಹುದು. ಆದರೆ ಎರಡು ಟಿಕೆಟ್ ಅಂದರೆ ಸಾಮಾನ್ಯವಾಗಿ ದುಬೈಯಲ್ಲಿ ಹೊರಗೆ ಬಂದು ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಳಗೆ ಹೋಗಬೇಕು. ಅದಕ್ಕೆ ಅಲ್ಲಿನ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಕೇಳುವುದಿಲ್ಲ. ಅಣ್ಣನ ಮನೆಯಲ್ಲಿ ಎರಡು ದಿನ ನಿಲ್ಲುವುದಾದರೆ ಹಾಗೇ ಮಾಡಿ. ಇಲ್ಲದಿದ್ದರೆ ಒಂದೇ ಟಿಕೆಟ್ ತೆಗೆಯಿರಿ. ಎಲೆ ಅಡಿಕೆಯ ಸಂಚಿ, ಗಸಗಸೆ ಪೊಟ್ಟಣ ಮನೆಯಲ್ಲೇ ಇರಲಿ. ದುಬೈಯಲ್ಲಿ ಎರಡೂ ನಿಷೇಧ.

ಪ್ರಶ್ನೆ: ಬೇಕಲದಲ್ಲಿ ಇಷ್ಟು ಚಂದದ ಕಡಲು ಇರುವಾಗ ಲಕ್ಷಗಟ್ಟಲೆ ಸುರಿದು ಅಲ್ಲಿಗೆ ಯಾಕೆ? ನೀರು ಅಷ್ಟು ನೀಲಿ ಅಂತೀರಿ, ನಮ್ಮದು ಯಾಕೆ ಹಾಗಿಲ್ಲ?
(ಉದುಮ)

ಉತ್ತರ: ಬೇಕಲಕ್ಕೆ ಸಮ ಬೇಕಲವೇ, ಅದರಲ್ಲಿ ನನಗೆ ಜಗಳ ಇಲ್ಲ. ನೀಲಿಯ ಕಾರಣ ಕೇಳಿ: ಅಲ್ಲಿನ ಮೆಡಿಟರೇನಿಯನ್ ಕಡಲಿನ ನೀರಿನಲ್ಲಿ ಸಾರ, ಅಂದರೆ ಗೊಬ್ಬರದಂಥ ಅಂಶ, ಕಡಿಮೆ. ಅದು ಅಟ್ಲಾಂಟಿಕ್ ಸೇರುವ ಜಿಬ್ರಾಲ್ಟರ್ ಕಡೆಯಿಂದ ಮೇಲಿನ ತೆಳು ನೀರು ಒಳಗೆ ಬರುತ್ತದೆ, ಅಡಿಯ ಸಾರವುಳ್ಳ ನೀರು ಹೊರಗೆ ಹೋಗುತ್ತದೆ. ಸಾರ ಇಲ್ಲದ ನೀರಿನಲ್ಲಿ ಸೂಕ್ಷ್ಮ ಸಸ್ಯಗಳು ಬೆಳೆಯುವುದಿಲ್ಲ, ಹಾಗಾಗಿ ತಳ ಕಾಣುವಷ್ಟು ತಿಳಿ. ನಮ್ಮಲ್ಲಿ ಮಳೆಗಾಲದಲ್ಲಿ ಅಡಿಯ ನೀರು ಮೇಲೆ ಬಂದು ಕಡಲು ಮಸುಕಾಗುತ್ತದೆ. ಆ ಮಸುಕಿನಿಂದಲೇ ನಿಮಗೆ ಬೂತಾಯಿ, ಬಂಗುಡೆ. ಅಲ್ಲಿ ಉಬ್ಬರ ಇಳಿತವೂ ಕಾಣುವಷ್ಟಿಲ್ಲ, ಅಳಿವೆಯ ಸೆಳೆತದ ಭಯ ಇಲ್ಲ. ಉಪ್ಪು ಸ್ವಲ್ಪ ಜಾಸ್ತಿ, ತೇಲುವುದು ಒಂಚೂರು ಸುಲಭ. ತೀರದಲ್ಲಿ ಹೆಚ್ಚಿನ ಕಡೆ ಮರಳಲ್ಲ, ಉರುಟು ಕಲ್ಲು. ರಬ್ಬರ್ ಚಪ್ಪಲಿ ಬೇಕು. ಕುರ್ಚಿ, ಕೊಡೆ ಇಟ್ಟ ಜಾಗಕ್ಕೆ ದುಡ್ಡು. ದುಡ್ಡಿಲ್ಲದ ತೀರಕ್ಕೆ "ಸ್ಪಿಯಾಜ್ಜಾ ಲಿಬೆರಾ" ಅಂತ ಬೋರ್ಡು ಹುಡುಕಿ.

ಪ್ರಶ್ನೆ: ಖರ್ಚು ಎಲ್ಲಿ ಸೋರುತ್ತದೆ?
(ಬದಿಯಡ್ಕ)

ಉತ್ತರ: ಕುಳಿತಲ್ಲಿ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಮೇಜಿಗೆ ತರಿಸಿದರೆ ಇನ್ನೊಂದು. ಊಟದ ಬಿಲ್ಲಿನಲ್ಲಿ ತಲೆಗೆ ಇಷ್ಟು ಅಂತ "ಕೊಪೆರ್ತೋ" ಸೇರಿಸುತ್ತಾರೆ. ಮೋಸವಲ್ಲ, ಅಲ್ಲಿನ ಕ್ರಮ. ಹೋಟೆಲಿನಲ್ಲಿ ಪ್ರತಿ ರಾತ್ರಿಗೆ ತಲೆಗಂದಾಯ ಬೇರೆ. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಯ ನಲ್ಲಿಗಳಲ್ಲಿ ಒಳ್ಳೆಯ ಕುಡಿಯುವ ನೀರು ಬರುತ್ತದೆ. ಊರೂರು ಸುತ್ತುವ ಸಾಮಾನ್ಯ ರೈಲಿಗೆ ಕಾಗದದ ಟಿಕೆಟ್ ತೆಗೆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸಿ. ಒತ್ತಿಸದಿದ್ದರೆ ಟಿಕೆಟ್ ಇದ್ದೂ ದಂಡ. ಶೌಚಾಲಯಕ್ಕೆ ಹೋಗಬೇಕಾದಾಗ ಒಂದು ಕಾಫಿ ಹೇಳಿ, ಬಾಗಿಲು ತೆರೆಯುತ್ತಾರೆ.